ಸಾಹೇಬರ ಟವೆಲ್ಲು ಕೂತ ಸೀಟು

ಖಾಲಿ ಸೀಟಿನ ಮೇಲೆ ಟವೆಲ್ಲು ಕಂಡರೆ ನನಗೆ ಈಗೀಗ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಯಾರದೋ ನೀಲಿ ಗೆರೆಯ ಟವೆಲ್ಲು ಆರಾಮಾಗಿ ಕಾಲು ಚಾಚಿ ಮಲಗಿತ್ತು. ಟವೆಲ್ಲಿನ ಯಜಮಾನ ಕೆಳಗೆ ಟೀ ಅಂಗಡಿಯ ಮುಂದೆ ಲೋಟ ಹಿಡಿದು ಯಾರ ಜೊತೆಯೋ ರಾಜಕೀಯ ಮಾತಾಡುತ್ತಿದ್ದ. ಆ ಸೀಟಿನ ಪಕ್ಕದಲ್ಲೇ ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ನಾನು ಆ ಟವೆಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ ಕಿಟಕಿಯಿಂದ ಆಚೆಗೆ ಬಿಟ್ಟೆ. ಅವಳನ್ನು ತೋಳು ಹಿಡಿದು ಕೂರಿಸಿದೆ.

ಆಮೇಲೆ ಶುರುವಾದ ಜಗಳ ಬೀರೂರು ದಾಟುವವರೆಗೂ ನಡೆಯಿತು. "ಏನಮ್ಮಾ, ತಲೆಗಿಲೆ ಕೆಟ್ಟೈತಾ ನಿಮ್ಗೆ?" ಅಂದ ಆತ. "ಹೂಂ ಕಣಪ್ಪ, ಕೆಟ್ಟೈತೆ" ಅಂದೆ. ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಕೆಟ್ಟಿದೆ. ಹೇಗೆ ಕೆಟ್ಟಿತು ಅಂತ ನಿಮಗಾದರೂ ಹೇಳಿಬಿಡುತ್ತೇನೆ, ಕೂತು ಕೇಳಿ.

ಹಾಗೆ ನೋಡಿದರೆ ಟವೆಲ್ಲು ಹಾಕಿ ಸೀಟು ಹಿಡಿಯುವ ವಿದ್ಯೆಯಲ್ಲಿ ನಾನೇನು ಸಾಮಾನ್ಯಳಲ್ಲ. ನಮ್ಮದು ಅಜ್ಜಂಪುರ. ಸಣ್ಣವಳಿದ್ದಾಗ ತರೀಕೆರೆಗೆ ಹೋಗಬೇಕೆಂದರೆ ಬಸ್ಸು ಬರುತ್ತಿದ್ದ ಹಾಗೆ ಅಪ್ಪ ನನ್ನನ್ನು ಎತ್ತಿ ಕಿಟಕಿಯಿಂದ ಒಳಕ್ಕೆ ತೂರಿಸುತ್ತಿದ್ದರು. ನಾನು ಒಳಗೆ ಬಿದ್ದವಳೇ ಸೀಟಿನ ಉದ್ದಕ್ಕೂ ಮಲಗಿಬಿಡಬೇಕು. ಒಂದು ಸೀಟಿಗೆ ನಾನು, ಹಿಂದಿನದಕ್ಕೆ ಅಪ್ಪನ ಟವೆಲ್ಲು, ಅದೂ ಸಾಲದೆ ಹೋದರೆ ನನ್ನ ಒಂದು ಚಪ್ಪಲಿ. ಜನ ಬೈಯುತ್ತಿದ್ದರು, ಆದರೆ ಟವೆಲ್ಲನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಚಪ್ಪಲಿಯ ಮುಂದೆ ದೊಡ್ಡ ದೊಡ್ಡ ಮೀಸೆಯವರು ಸುಮ್ಮನೆ ನಿಂತುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗ ನನ್ನನ್ನು ಯಾರಾದರೂ ಕಿಟಕಿಯಿಂದ ತೂರಿಸಬೇಕೆಂದರೆ ಮೊದಲು ಬಸ್ಸನ್ನೇ ಬಿಚ್ಚಬೇಕಾಗುತ್ತದೆ, ಆ ಮಾತು ಬೇರೆ.

ಬಸ್ಸಿನ ಮಾತು ಬಂದಮೇಲೆ ವಾಂತಿಯ ಮಾತು ಬಿಡುವ ಹಾಗಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಮ್ಮನ್ನು ಕೆಮ್ಮಣ್ಣುಗುಂಡಿಗೂ ಹೆಬ್ಬೆ ಜಲಪಾತಕ್ಕೂ ಕರೆದುಕೊಂಡು ಹೋಗಿದ್ದರು. ತಿರುವು ಶುರುವಾದದ್ದೇ ತಡ, ಬಸ್ಸಿನ ಬಲಗಡೆ ಕಿಟಕಿಗಳೆಲ್ಲ ಒಂದೊಂದಾಗಿ ಶರಣಾದವು. ನಿಂಬೆಹಣ್ಣು ಮೂಸಿದವರು, ಹುಣಸೆಹಣ್ಣು ಚೀಪಿದವರು, ಸೀಟಿನ ಮೇಲೆ ಪೇಪರು ಹಾಸಿಕೊಂಡು ಕೂತವರು, ಯಾರೂ ಉಳಿಯಲಿಲ್ಲ. ಮುಂದೆ ಡ್ರೈವರ್ ಪಕ್ಕ ಕೂತಿದ್ದ ನಮ್ಮ ಕ್ರಾಫ್ಟ್ ಮೇಡಂ ಒಬ್ಬರೇ ಹಾಡು ಹೇಳಿಕೊಂಡು ಆರಾಮಾಗಿದ್ದರು. "ಮುಂದೆ ಕೂತು ರಸ್ತೆ ನೋಡ್ತಿದ್ರೆ ಏನೂ ಆಗಲ್ಲ ಕಣ್ರೇ" ಅಂತ ಅವರು ಅಂದಾಗ ನಮಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಎಲ್ಲರೂ ಮುಂದೆ ಕೂರುವುದಕ್ಕೆ ಆಗುತ್ತದೆಯೇ? ಹೆಬ್ಬೆಯ ನೀರು ಹೇಗಿತ್ತು ಅಂತ ಇವತ್ತು ಕೇಳಿದರೆ ನನಗೆ ಜ್ಞಾಪಕವಿಲ್ಲ, ನಿಂಬೆಹಣ್ಣಿನ ವಾಸನೆ ಮಾತ್ರ ಜ್ಞಾಪಕವಿದೆ.

ಇಷ್ಟಕ್ಕೆ ಪೀಠಿಕೆ ಸಾಕು. ಇನ್ನು ಸಿಟ್ಟಿನ ವಿಚಾರಕ್ಕೆ ಬರುತ್ತೇನೆ.

ನಾನು ಕೆಲಸ ಮಾಡುವುದು ಕಡೂರಿನ ಆಚೆ ಇರುವ ಒಂದು ಗಾರ್ಮೆಂಟ್ಸ್‌ನಲ್ಲಿ. ಹೊಲಿದ ಅಂಗಿಗಳನ್ನು ತಿರುಗಿಸಿ ಮುರುಗಿಸಿ ನೋಡಿ ತಪ್ಪು ಹುಡುಕುವ ಕೆಲಸ. ಸ್ವಭಾವಕ್ಕೆ ತಕ್ಕ ಕೆಲಸವೇ ಸಿಕ್ಕಿದೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ನಮ್ಮ ಕಡೆಯ ಹೆಂಗಸರಿಗೆಲ್ಲ ಸೇರಿ ಕಂಪನಿಯವರು ಒಂದು ಟಿಟಿ ಗಾಡಿ, ಅಂದರೆ ಟೆಂಪೋ ಟ್ರಾವೆಲರ್, ಕೊಟ್ಟಿದ್ದಾರೆ. ಅದು ಶಿವನಿಯಲ್ಲಿ ಹೊರಟು, ಅಜ್ಜಂಪುರದಲ್ಲಿ ನಮ್ಮನ್ನು ತುಂಬಿಕೊಂಡು, ಬೀರೂರು ಹಾದು ಕಡೂರಿಗೆ ಬರುತ್ತದೆ. ಶಿವನಿಗೆ ರೈಲಿದೆ ನಿಜ, ಆದರೆ ಅದರ ಟೈಮು ಬೇರೆ, ನಮ್ಮ ಶಿಫ್ಟಿನ ಟೈಮು ಬೇರೆ. ಹಾಗಾಗಿ ಟಿಟಿಯೇ ಗತಿ. ಗಾಡಿಯಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಜನ. ಮೂವರ ಸೀಟಿನಲ್ಲಿ ನಾಲ್ವರು, ಅದರಲ್ಲಿ ನನ್ನಂಥವಳೊಬ್ಬಳು ಸೇರಿದರೆ ಐವರ ಲೆಕ್ಕ. ಒಬ್ಬರ ಟಿಫನ್ ಬಾಕ್ಸು ಇನ್ನೊಬ್ಬರ ಮಂಡಿಗೆ ಒತ್ತುತ್ತಿರುತ್ತದೆ.

ಇಷ್ಟೆಲ್ಲ ಇಕ್ಕಟ್ಟಿದ್ದರೂ ಡ್ರೈವರ್ ಪಕ್ಕದ ಮುಂದಿನ ಸೀಟು ಮಾತ್ರ ಯಾವಾಗಲೂ ಖಾಲಿ. ಅದು ಮ್ಯಾನೇಜರ್ ಸಾಹೇಬರ ಸೀಟು. ಅವರು ಬೀರೂರಿನಲ್ಲಿ ಹತ್ತುತ್ತಿದ್ದರು. ಶಿವನಿಯಿಂದ ಬೀರೂರಿನವರೆಗೂ ಅವರ ಬದಲಿಗೆ ಅವರ ಬಿಳಿ ಟವೆಲ್ಲು ಪ್ರಯಾಣ ಮಾಡುತ್ತಿತ್ತು. ನಮ್ಮ ಡ್ರೈವರ್ ಲೋಕಣ್ಣ ಆ ಟವೆಲ್ಲನ್ನು ಪ್ರತಿ ವಾರ ಮನೆಗೆ ಒಯ್ದು ಒಗೆಸಿ, ಮಡಿಸಿ, ಸೀಟಿನ ಬೆನ್ನಿಗೆ ಹೊದಿಸುತ್ತಿದ್ದ. ಸ್ವಂತ ಅಂಗಿಯ ಕಾಲರಿನಲ್ಲಿ ಬೇಕಾದಷ್ಟು ಮಣ್ಣಿದ್ದರೂ ಆ ಟವೆಲ್ಲಿನಲ್ಲಿ ಒಂದು ಕಲೆಯೂ ಇರುತ್ತಿರಲಿಲ್ಲ.

ತರೀಕೆರೆ ಕಡೆಯಿಂದ ಬರುವ ಕಂಪನಿಯ ಇನ್ನೊಂದು ಗಾಡಿಯಲ್ಲಿ ಈ ಪದ್ಧತಿ ಇರಲಿಲ್ಲ. ಅಲ್ಲಿ ಹೆಂಗಸರು ಸರದಿಯ ಮೇಲೆ ಮುಂದೆ ಕೂರುತ್ತಿದ್ದರು. ಅದನ್ನು ಕೇಳಿ ನಮ್ಮ ಗಾಡಿಯ ಗೌರಮ್ಮಕ್ಕ, ಇವರು ನಮ್ಮೆಲ್ಲರಿಗಿಂತ ಹಿರಿಯರು, ಬಾಯಿಯಲ್ಲೂ ಹಿರಿಯರು, "ಆ ಗಾಡೀಲಿ ಗಂಡು ದಿಕ್ಕಿಲ್ಲ, ಅದ್ಕೇ ಹಂಗೆ" ಅಂತ ತೀರ್ಪು ಕೊಟ್ಟಿದ್ದರು. ತಮ್ಮ ಗಾಡಿಗೆ ಒಬ್ಬ ಸಾಹೇಬನಿದ್ದಾನೆ ಅನ್ನುವುದು ಅವರಿಗೆ ಹೆಮ್ಮೆ.

ಇಂಥ ಗಾಡಿಗೆ ಶಿವನಿಯಲ್ಲಿ ಹತ್ತುತ್ತಿದ್ದವಳು ಮಂಜುಳ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದು ಅಣ್ಣನ ಮನೆಯಲ್ಲಿದ್ದಳು. ಅಣ್ಣ ಒಳ್ಳೆಯವನೇ, ಆದರೆ ಮನೆ ಅತ್ತಿಗೆಯದು. ಕೆಲಸಕ್ಕೆ ಸೇರುವ ಮುಂಚೆ ಮಗಳ ತಲೆಗೆ ಹಚ್ಚುವ ಎಣ್ಣೆಯನ್ನೂ ಅತ್ತಿಗೆಯ ಹತ್ತಿರ ಕೇಳಿ ತೆಗೆದುಕೊಳ್ಳಬೇಕಾಗಿತ್ತು. "ಕೊಡಲ್ಲ ಅನ್ನಲ್ಲ ಕಣಕ್ಕ, ಕೊಡ್ತಾರೆ. ಆದ್ರೆ ಕೇಳ್ದಾಗ ಒಂದ್ ಗಳಿಗೆ ಸುಮ್ನಿರ್ತಾರೆ. ಆ ಒಂದ್ ಗಳಿಗೆ ನಂಗೆ ಸಾಕಾಗೋಯ್ತು" ಅಂತ ಒಮ್ಮೆ ನನಗೆ ಹೇಳಿದ್ದಳು. ಅವಳಿಗೆ ಈ ಕೆಲಸ ಅಂದರೆ ಆ ಒಂದು ಗಳಿಗೆಯಿಂದ ಬಿಡುಗಡೆ. ಹೊಲಿಗೆಯಲ್ಲಿ ಚುರುಕಾಗಿದ್ದಳು. ಅವಳು ಕೂರಿಸಿದ ಕಾಲರಿನಲ್ಲಿ ತಪ್ಪು ಸಿಗದೆ ನನಗೆ ಬೇಜಾರಾಗುತ್ತಿತ್ತು.

ಆದರೆ ಅವಳಿಗೆ ಗಾಡಿ ಆಗುತ್ತಿರಲಿಲ್ಲ. ಅಜ್ಜಂಪುರ ಬರುವಷ್ಟರಲ್ಲಿ ಮುಖ ಬಿಳಿಚಿಕೊಂಡಿರುತ್ತಿತ್ತು, ಬೀರೂರಿನ ಹೊತ್ತಿಗೆ ಪ್ಲಾಸ್ಟಿಕ್ ಕವರು ಬಾಯಿಗೆ ಹಿಡಿದಿರುತ್ತಿದ್ದಳು. ಬೆಳಿಗ್ಗೆ ತಿಂಡಿ ಬಿಟ್ಟು ನೋಡಿದಳು, ಮಾತ್ರೆ ನುಂಗಿ ನೋಡಿದಳು. ಮಾತ್ರೆ ನುಂಗಿದ ದಿನ ವಾಂತಿ ಆಗುತ್ತಿರಲಿಲ್ಲ, ಆದರೆ ಮೆಷೀನಿನ ಮುಂದೆ ತೂಕಡಿಸುತ್ತಿದ್ದಳು. ತೂಕಡಿಸಿಕೊಂಡು ಹೊಲಿದರೆ ಹೊಲಿಗೆ ಎಲ್ಲಿಗೆ ಹೋದೀತು? ಅಂಗಿಗಳು ವಾಪಸ್ಸು ಬರತೊಡಗಿದವು. ಲೈನಿನ ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಾಡಿದ. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗಬಹುದು ಅಂದ.

ನಮ್ಮ ಕ್ರಾಫ್ಟ್ ಮೇಡಂ ಹೇಳಿದ ಮದ್ದು ನನಗೆ ಗೊತ್ತಿತ್ತಲ್ಲ. ಅವಳನ್ನು ಮುಂದೆ ಕೂರಿಸಿದರೆ ಮುಗಿಯಿತು. ಮುಂದಿನ ಸೀಟು ಖಾಲಿಯೇ ಇದೆ. ಆದರೆ ಅದರ ಮೇಲೆ ಟವೆಲ್ಲಿದೆ.

ಈಗ ಹೇಳುವುದನ್ನು ಸಮಾಧಾನದಿಂದ ಕೇಳಿ, ಯಾಕೆಂದರೆ ನನ್ನಿಂದ ಸಮಾಧಾನವಾಗಿ ಹೇಳುವುದಕ್ಕೆ ಆಗುವುದಿಲ್ಲ. ಅಷ್ಟು ಹೊತ್ತಿಗಾಗಲೇ ಸಾಹೇಬರು ಆ ಗಾಡಿ ಹತ್ತುವುದನ್ನು ಬಿಟ್ಟಿದ್ದರು! ಹೊಸ ಕಾರು ಕೊಂಡಿದ್ದರು. ಕೆಂಪು ಕಾರು. ಬೀರೂರಿನಿಂದ ಕಡೂರಿಗೆ ಅಷ್ಟುದ್ದದ ಕಾರಿನಲ್ಲಿ ಒಬ್ಬರೇ ಬರುತ್ತಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಲೋಕಣ್ಣನಿಗೂ ಗೊತ್ತಿತ್ತು. ಆದರೂ ಅವನು ದಿನಾ ಬೀರೂರಿನಲ್ಲಿ ಅದೇ ಜಾಗದಲ್ಲಿ ಗಾಡಿ ನಿಲ್ಲಿಸುತ್ತಿದ್ದ. ಹಾರ್ನ್ ಹೊಡೆಯುತ್ತಿದ್ದ. ಆ ಕಡೆ ಈ ಕಡೆ ನೋಡುತ್ತಿದ್ದ. ಯಾರೂ ಬರದಿದ್ದಾಗ ಟವೆಲ್ಲನ್ನು ಸರಿಮಾಡಿ ಗಾಡಿ ಬಿಡುತ್ತಿದ್ದ. ಒಂದು ದಿನವಂತೂ ನಾವು ಹಾಗೆ ನಿಂತು ಹಾರ್ನ್ ಹೊಡೆಯುತ್ತಿರುವಾಗಲೇ ಸಾಹೇಬರ ಕೆಂಪು ಕಾರು ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಒಳಗಿನಿಂದ ಕೈ ಬೀಸಿದರು. ಗೌರಮ್ಮಕ್ಕ ಭಕ್ತಿಯಿಂದ ಕೈ ಮುಗಿದರು. ಲೋಕಣ್ಣ ಇನ್ನೊಂದು ಸಲ ಹಾರ್ನ್ ಹೊಡೆದ. ಹಿಂದೆ ಮಂಜುಳ ಕವರಿನೊಳಗೆ ಮುಖ ಇಟ್ಟಿದ್ದಳು.

ಅದರ ಮಾರನೆಯ ಬೆಳಿಗ್ಗೆ ನಾನು ಅಜ್ಜಂಪುರದಲ್ಲಿ ಗಾಡಿ ಹತ್ತಿದವಳೇ ಮಂಜುಳಳನ್ನು ಎಬ್ಬಿಸಿದೆ. ಟವೆಲ್ಲು ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಅವಳನ್ನು ಮುಂದೆ ಕೂರಿಸಿದೆ. ಲೋಕಣ್ಣ ಬೀಡಿಯನ್ನೂ ಬಿಟ್ಟು ಓಡಿ ಬಂದ.

"ಸುಜಾತಕ್ಕಾ, ನನ್ ಹೊಟ್ಟೆ ಮೇಲ್ ಹೊಡೀಬೇಡ. ಸಾಹೇಬ್ರು ಬಂದ್ರೆ ಏನಂತ ಹೇಳ್ಲಿ?"

"ಅವ್ರೆಲ್ಲಿ ಬತ್ತಾರೋ ಲೋಕಣ್ಣ? ಕಾರೈತೆ ಅವ್ರಿಗೆ."

"ಕಾರು ಕೆಟ್ಟೋದ್ರೆ?"

"ಕೆಟ್ಟೋದಾಗ ನೋಡ್ಕಳನ."

"ಸೀಟು ಬಿಡಿ ಅಂತ ಅವ್ರು ಹೇಳಿಲ್ವಲ್ಲಕ್ಕ. ಅವ್ರು ಹೇಳ್ದೆ ನಾನೆಂಗೆ ಬಿಡ್ಲಿ?"

ಹಿಂದಿನಿಂದ ಗೌರಮ್ಮಕ್ಕ ಶುರು ಮಾಡಿದರು. "ಲೇ ಸುಜಾತ, ಇವ್ಳೇನು ಮಹಾರಾಣೀನಾ? ನಾವೆಲ್ಲ ಒತ್ಕಂಡು ಕೂತಿಲ್ವಾ? ದೊಡ್ಡೋರ್ ಜಾಗ ಅದು. ಹೆಣ್ಮಕ್ಳು ಕೂತ್ರೆ ನೋಡ್ದೋರು ಏನಂದಾರು?" ಉಳಿದವರೂ ದನಿಗೂಡಿಸಿದರು. ಒಬ್ಬಳಾದರೂ, ಹೋಗಲಿ ಬಿಡ್ರೇ, ಹುಷಾರಿಲ್ಲದವಳು ಕೂತುಕೊಳ್ಳಲಿ, ಅನ್ನಲಿಲ್ಲ. ಎಲ್ಲರೂ ಒಳ್ಳೆಯವರೇ. ಮಂಜುಳಳಿಗೆ ನಿಂಬೆಹಣ್ಣು ತಂದುಕೊಡುತ್ತಿದ್ದವರೇ, ಬೆನ್ನು ಸವರುತ್ತಿದ್ದವರೇ, ಕವರು ಜೋಡಿಸಿಟ್ಟುಕೊಂಡು ಬರುತ್ತಿದ್ದವರೇ. ವಾಂತಿಗೆ ಏನೇನು ಉಪಚಾರ ಬೇಕೋ ಎಲ್ಲ ಮಾಡಿದರು. ವಾಂತಿ ಆಗದ ಹಾಗೆ ಮಾಡುವುದೊಂದನ್ನು ಬಿಟ್ಟು.

ನಾನು ಯಾರಿಗೂ ಬಗ್ಗಲಿಲ್ಲ. ಗಾಡಿ ಹೊರಟಿತು. ಮಂಜುಳ ಮುಂದೆ ಸೀಟಿನ ತುದಿಯಲ್ಲಿ, ಬಿಸಿ ಹಂಚಿನ ಮೇಲೆ ಕೂತ ಹಾಗೆ ಕೂತಿದ್ದಳು. ಆದರೂ ಬೀರೂರಿನವರೆಗೆ ಅವಳಿಗೆ ಒಂದು ತೇಗೂ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಬೀರೂರಿನಲ್ಲಿ ಲೋಕಣ್ಣ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದ ನೋಡಿ, ಅವಳು ಬಾಗಿಲು ತೆಗೆದು ತಾನಾಗಿಯೇ ಕೆಳಗಿಳಿದು ಹಿಂದಕ್ಕೆ ಬಂದುಬಿಟ್ಟಳು. "ಬ್ಯಾಡ ಕಣಕ್ಕ, ಮೊದ್ಲೇ ನನ್ನ ಮೇಲೆ ಕೆಂಡ ಕಾರ್ತಾವ್ರೆ. ಸಾಹೇಬ್ರ ಸೀಟಲ್ಲಿ ಕೂತ್ಲು ಅಂತ ಗೊತ್ತಾದ್ರೆ ಇವತ್ತೇ ಆಚೆ ಹಾಕ್ತಾರೆ" ಅಂದಳು. ಗೌರಮ್ಮಕ್ಕ ಅವಳಿಗೆ ಜಾಗ ಮಾಡಿಕೊಟ್ಟು, "ನೋಡು, ಇವ್ಳಿಗೆ ಬುದ್ಧಿ ಐತೆ" ಅಂತ ತಲೆ ಸವರಿದರು. ನನಗೆ ಆ ಟಿಟಿಯನ್ನೇ ಎತ್ತಿ ಯಾವುದಾದರೂ ಕೆರೆಗೆ ಎಸೆಯೋಣ ಅನ್ನಿಸಿತು.

ಮತ್ತೆ ಹಿಂದೆ ಕೂತಳು, ಮತ್ತೆ ಕವರು ಹಿಡಿದಳು. ಒಂದು ಸಂಜೆ ವಾಪಸ್ಸು ಬರುವಾಗ ಕವರು ಹರಿದುಹೋಯಿತು. ಆಗಿದ್ದೆಲ್ಲ ಗೌರಮ್ಮಕ್ಕನ ಸೀರೆಯ ಮೇಲೆ ಆಯಿತು. ಅವರು ತಡೆದುಕೊಳ್ಳಲಾರದೆ, "ಆಗ್ದೇ ಇದ್ಮೇಲೆ ಯಾಕೆ ಬತ್ತೀಯೇ? ಮನೇಲಿ ಬಿದ್ಕಬಾರ್ದಾ?" ಅಂದುಬಿಟ್ಟರು. ಮಂಜುಳ ತನ್ನ ಸೆರಗಿನಿಂದಲೇ ಅವರ ಸೀರೆ ಒರೆಸಿದಳು. ಶಿವನಿಯಲ್ಲಿ ಇಳಿದವಳು ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಫೋನು ಮಾಡಿದರೆ, "ಸಾಕು ಬಿಡಕ್ಕ, ನನ್ ಕೈಲಿ ಆಗಲ್ಲ" ಅಂದಳು.

ಅವಳ ಮೆಷೀನಿಗೆ ಬೇರೆಯವಳು ಬಂದಳು. ನಮ್ಮ ಗಾಡಿಯಲ್ಲಿ ಹಿಂದಿನ ಸೀಟು ಸ್ವಲ್ಪ ಸಡಿಲವಾಯಿತು. ಮುಂದಿನ ಸೀಟಿನಲ್ಲಿ ಟವೆಲ್ಲು ಹಾಗೇ ಇತ್ತು.

ಇದಾದ ಕೆಲವೇ ದಿನಕ್ಕೆ ಕ್ಯಾಂಟೀನಿನಲ್ಲಿ ಒಂದು ಮೀಟಿಂಗು ಕರೆದರು. ಗೋಡೆಗೆ ದೊಡ್ಡ ಬ್ಯಾನರು ಕಟ್ಟಿದ್ದರು. ಹಸಿರು ಎಲೆ, ನಗುವ ಕಾರು, ಅದರೊಳಗೆ ನಗುವ ನಾಲ್ಕು ಮುಖ. ಸ್ಕೂಟರು, ಬೈಕು, ಕಾರು ಇರುವವರೆಲ್ಲ ಒಬ್ಬೊಬ್ಬರೇ ಬರಬಾರದು, ಜೊತೆಗೆ ಒಬ್ಬರನ್ನು ಕೂರಿಸಿಕೊಂಡು ಬರಬೇಕು, ಗಾಡಿ ಹಂಚಿಕೊಂಡು ಬರಬೇಕು ಅಂತ ಮೇಲಿನಿಂದ ಆದೇಶ ಬಂದಿದೆಯಂತೆ. ಮ್ಯಾನೇಜರ್ ಸಾಹೇಬರು ಭಾಷಣ ಮಾಡಿದರು. ಒಳ್ಳೆಯ ಕಂಠ. "ಒಂದು ಗಾಡಿ ರೋಡಿಗೆ ಬಂತು ಅಂದ್ರೆ ಅದ್ರಲ್ಲಿ ಒಂದು ಸೀಟೂ ಖಾಲಿ ಹೋಗ್ಬಾರ್ದು. ಖಾಲಿ ಸೀಟು ಅಂದ್ರೆ ದೇಶಕ್ಕೆ ನಷ್ಟ" ಅಂದರು. ಅವರ ಬೆನ್ನ ಹಿಂದೆ ಕಿಟಕಿಯಲ್ಲಿ ಅವರ ಕೆಂಪು ಕಾರು ಹೊಂಗೆ ಮರದ ನೆರಳಿನಲ್ಲಿ ನಿಂತಿರುವುದು ನಮಗೆಲ್ಲ ಕಾಣುತ್ತಿತ್ತು. ಬೆಳಿಗ್ಗೆ ಎಂದಿನಂತೆ ಅದರಲ್ಲಿ ಒಬ್ಬರೇ ಬಂದಿದ್ದರು.

ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದರು. ಇಂಥ ಪ್ರಶ್ನೆಗೆ ಯಾರೂ ಏನೂ ಕೇಳಬಾರದು ಅನ್ನುವುದು ನಮ್ಮಲ್ಲಿ ರೂಢಿ. ನಾನು ಎದ್ದು ನಿಂತೆ. ಗೌರಮ್ಮಕ್ಕ ನನ್ನ ಸೆರಗು ಹಿಡಿದು ಜಗ್ಗಿದರು.

"ಸರ್, ನಮ್ಮ ಟಿಟಿಯಲ್ಲಿ ಮುಂದಿನ ಸೀಟು ದಿನಾ ಖಾಲಿ ಹೋಗ್ತಿದೆ. ಅದರ ಮೇಲೆ ನಿಮ್ಮ ಟವೆಲ್ಲಿದೆ."

ಸಾಹೇಬರು ಹುಬ್ಬು ಗಂಟಿಕ್ಕಿದರು. ಸಿಟ್ಟಿನಿಂದ ಅಲ್ಲ, ಜ್ಞಾಪಿಸಿಕೊಳ್ಳುವುದಕ್ಕೆ.

"ನನ್ನ ಟವೆಲ್ಲಾ? ಯಾವ ಟವೆಲ್ಲಮ್ಮ?"

ಲೋಕಣ್ಣ ಬಾಗಿಲ ಹತ್ತಿರ ನಿಂತಿದ್ದವನು ತಲೆ ತಗ್ಗಿಸಿದ. ಯಾರೋ ಮೆಲ್ಲಗೆ ವಿಷಯ ಹೇಳಿದರು. ಸಾಹೇಬರು ಜೋರಾಗಿ ನಕ್ಕರು. ನಿಜವಾಗಿಯೂ ಅವರಿಗೆ ನಗು ಬಂದಿತ್ತು, ಪಾಪ. "ಅಯ್ಯೋ, ಅದಿನ್ನೂ ಅಲ್ಲೇ ಇದ್ಯಾ? ನಾನು ಮರೆತೇಬಿಟ್ಟಿದ್ದೆ. ನನಗೆ ಯಾಕ್ರೀ ಆ ಸೀಟು? ಯಾರು ಬೇಕಾದ್ರೂ ಕೂತ್ಕೊಳ್ಳಿ!"

ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವರು ಗೌರಮ್ಮಕ್ಕ. ಎಂಥ ದೊಡ್ಡ ಮನಸ್ಸು ನೋಡು ಅಂತ ನನ್ನ ಕಿವಿಯಲ್ಲಿ ಬೇರೆ ಹೇಳಿದರು. ಆ ಚಪ್ಪಾಳೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೈಸಿಕೊಂಡಿದ್ದರೂ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಆತನೇನೂ ದುಷ್ಟನಲ್ಲ, ಅದೇ ನನ್ನ ಸಂಕಟ. ದುಷ್ಟನಾಗಿದ್ದರೆ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಬೇಡ ಅಂತ ಅವನು ಹೇಳಿರಲೇ ಇಲ್ಲ. ಅವನ ಪರವಾಗಿ ನಾವೇ ಹೇಳಿಕೊಂಡಿದ್ದೆವು, ನಾವೇ ಕೇಳಿಕೊಂಡಿದ್ದೆವು, ನಾವೇ ಹೆದರಿದ್ದೆವು. ಅವನ ಟವೆಲ್ಲು ಒಗೆದಿದ್ದೂ ನಾವೇ.

"ಹಾಗಾದ್ರೆ ಮಂಜುಳಳನ್ನು ವಾಪಸ್ಸು ಕರೆಸಿ ಸರ್" ಅಂದೆ. ಯಾವ ಮಂಜುಳ ಅಂತ ಕೇಳಿದರು. ಹೇಳಿದೆ. ಆಫೀಸಿನಲ್ಲಿ ವಿಚಾರಿಸು ಅಂದರು. ಆಫೀಸಿನಲ್ಲಿ, ಹೇಳದೆ ಕೇಳದೆ ಬಿಟ್ಟವರಿಗೆ ಮತ್ತೆ ಜಾಗವಿಲ್ಲ, ಹೊಸಬರ ಜೊತೆ ಬಂದು ಕಾಯಬೇಕು, ಈಗ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ ಅಂದರು. ಅಲ್ಲಿಯೂ ನಾನು ಕೂಗಾಡಿದೆ. ಕೂಗಾಡಿದ್ದಕ್ಕೆ ಏನೂ ಫಲ ಸಿಗಲಿಲ್ಲ. ನನಗೇ ಗಂಟಲು ಕಟ್ಟಿತು.

ಮುಂದಿನ ಭಾನುವಾರ ಶಿವನಿಗೆ ಹೋದೆ. ಮಂಜುಳ ಜಗುಲಿಯ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಮೈ ಕೈ ತುಂಬಿಕೊಂಡು ಚೆನ್ನಾಗಿಯೇ ಕಂಡಳು. ದಿನಾ ವಾಂತಿ ಮಾಡುವುದು ತಪ್ಪಿತ್ತಲ್ಲ. ನಾನು ಒಂದೇ ಉಸಿರಿನಲ್ಲಿ ಬ್ಯಾನರು, ಭಾಷಣ, ಟವೆಲ್ಲು, ಚಪ್ಪಾಳೆ ಎಲ್ಲ ಹೇಳಿದೆ. ಸಾಹೇಬರ ಹಾಗೆ ಹುಬ್ಬು ಗಂಟಿಕ್ಕಿ, "ಯಾವ ಟವೆಲ್ಲಮ್ಮ?" ಅಂತ ಮಾಡಿಯೂ ತೋರಿಸಿದೆ. ಅವಳಿಗೂ ನನ್ನಷ್ಟೇ ಸಿಟ್ಟು ಬರಲಿ, ಇಬ್ಬರೂ ಸೇರಿ ಬೈಯೋಣ ಅನ್ನುವುದು ನನ್ನ ಆಸೆ. ಅವಳು ಬಾಚಣಿಗೆಗೆ ಸಿಕ್ಕಿದ್ದ ಕೂದಲನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡಳು.

"ಹಂಗಾರೆ ಬ್ಯಾಡ ಅಂದಿದ್ದು ಯಾರಕ್ಕ?"

"ಯಾರೂ ಅನ್ಲಿಲ್ಲ ಕಣೇ" ಅಂದೆ.

ಅವಳು ಮಗಳ ಜಡೆಗೆ ರಿಬ್ಬನ್ನು ಕಟ್ಟಿ ಮುಗಿಸಿ ಎದ್ದಳು. "ಕೂತ್ಕೊಳ್ಳಕ್ಕ, ಕಾಪಿ ಕುಡ್ಕಂಡು ಹೋಗುವಂತೆ" ಅಂದಳು. ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲ ಈಚೆಗೆ ನಿಂತು, ದನಿ ತಗ್ಗಿಸಿ ಕೇಳಿದಳು:

"ಅತ್ತಿಗೇ, ಸುಜಾತಕ್ಕ ಬಂದವ್ರೆ. ಒಂಚೂರು ಹಾಲು ತಗಳ್ಲಾ?"

ಒಳಗಿನಿಂದ ಉತ್ತರ ಬರುವವರೆಗೂ ಅವಳು ಅಲ್ಲೇ ನಿಂತಿದ್ದಳು.